ಕಿಟಕಿಗೆ ಕಾಣುವ ಕೊಂಬೆ

ಫಲಜ್ ಜುಬೈಲ್,
ಮಂಗಳವಾರ, ೨೦ ಅಕ್ಟೋಬರ್ ೧೯೮೧.
ಮಧ್ಯಾಹ್ನದ ನಮಾಜು ಮುಗಿದಿದೆ. ನಿನ್ನ ಅಪ್ಪ ತೋಟದಲ್ಲಿದ್ದಾರೆ. ಸುಲೈಯಂನ ಗಾಡಿ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಸ್ಕತ್ತಿಗೆ ಹೊರಡುತ್ತದೆ; ಅಷ್ಟರೊಳಗೆ ಮುಗಿಸಬೇಕು.

ಪ್ರೀತಿಯ ಮಗಳು ಗಾಲಿಯಾಗೆ,

ನಿನಗೂ ಅಳಿಯ ಯಾರುಬ್‌ಗೂ ನಿನ್ನ ಅತ್ತೆ ಥುರಯ್ಯಾ ಅವರಿಗೂ ಸಲಾಂ. ಹೇಗಿದ್ದೀಯ? ಪಾದದ ಬಾವು ಇಳಿಯಿತೇ? ಬಕ್ರೀದ್ ಮುಗಿದ ವಾರ ಸುಲೈಯಂ ಊರಿಗೆ ಬಂದಾಗ, ಗಾಲಿಯಾಳನ್ನು ಬಾಗಿಲಲ್ಲಿ ನೋಡಿದೆ, ಚಪ್ಪಲಿಯೊಳಗೆ ಕಾಲು ಹೋಗದೆ ಬರಿಗಾಲಲ್ಲಿ ನಿಂತಿದ್ದಳು ಎಂದ. ಅಷ್ಟು ಹೇಳಿ ಅವನು ಟೈರಿನ ಗಾಳಿ ನೋಡಲು ಹೋದ. ನನಗೆ ಅಂದಿನಿಂದ ಆ ಬರಿಗಾಲು ಕಣ್ಣಿಂದ ಹೋಗುತ್ತಿಲ್ಲ. ಮೊದಲ ಸಲವೂ ಬಾವು ಪಾದದಿಂದಲೇ ಶುರುವಾಗಿತ್ತು. ಉಪ್ಪು ಮೀನು ತಿನ್ನಬೇಡ. ಮಸ್ಕತ್ತಿನಲ್ಲಿ ಅದಿಲ್ಲದೆ ಊಟವಾಗುವುದಿಲ್ಲ ಎಂದು ಗೊತ್ತು, ಆದರೂ ಬೇಡ. ತಲೆ ನೋಯುತ್ತದೆಯೇ? ಕಣ್ಣ ಮುಂದೆ ಚುಕ್ಕಿ ಕುಣಿಯುತ್ತವೆಯೇ? ಮಗು ದಿನಕ್ಕೆ ಎಷ್ಟು ಸಲ ಒದೆಯುತ್ತದೆ? ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರೆ ನಾಚಿಕೊಳ್ಳದೆ ಎಲ್ಲವನ್ನೂ ಹೇಳು. ನೀನು ಚಿಕ್ಕವಳಿದ್ದಾಗಲೂ ಹೀಗೆಯೇ, ಜ್ವರದಲ್ಲಿ ಮೈ ಕಾದು ಕೆಂಪಾಗಿದ್ದರೂ ಏನೂ ಇಲ್ಲ ಎನ್ನುತ್ತಿದ್ದೆ.

ಈ ಅಕ್ಷರ ಯಾರದೆಂದು ನೀನು ಯೋಚಿಸುತ್ತಿರಬಹುದು. ನನ್ನದೇ. ಹೆಂಗಸರ ಶಾಲೆಗೆ ಹೋಗತೊಡಗಿ ಎರಡನೇ ಚಳಿಗಾಲ ಬರುತ್ತಿದೆ. ಗೆರೆ ಹಾಕಿದ ಪುಸ್ತಕದ ಹಾಳೆ ಇದು, ಗೆರೆಯ ಮೇಲೆ ಅಕ್ಷರ ಕೂರುವುದಿಲ್ಲ, ಕ್ಷಮಿಸು. ಇಲ್ಲಿಯವರೆಗೆ ಸೈಫ್ ಮೇಷ್ಟ್ರು ಬರೆದುಕೊಡುತ್ತಿದ್ದರಲ್ಲ, ಅವರ ಮುಂದೆ ಕೂತು ನಾನು ಏನು ಹೇಳಿದರೂ ಅವರು ‘ಎಲ್ಲರೂ ಕ್ಷೇಮ’ ಎಂದೇ ಬರೆಯುತ್ತಿದ್ದರು. ಒಮ್ಮೆ ನಾನು, “ನನ್ನ ಮಗಳು ಮಾತಾಡದೆ ಎದೆಗೆ ಕಲ್ಲು ಕಟ್ಟಿದ ಹಾಗಿದೆ ಅಂತ ಬರೀರಿ ಮೇಷ್ಟ್ರೇ” ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, ನಿನ್ನ ತಾಯಿ ಎಂದೇ ಕರೆದು, “ಉಮ್ ಗಾಲಿಯಾ, ಅದನ್ನೆಲ್ಲ ಕಾಗದದಲ್ಲಿ ಬರೀತಾರೇನಮ್ಮಾ? ಖರ್ಜೂರ ಹೇಗಾಗಿದೆ ಹೇಳಿ, ಬರೀತೀನಿ” ಎಂದರು. ಹಾಗಾಗಿ ಎರಡು ವರ್ಷ ನಿನಗೆ ಖರ್ಜೂರದ ಸುದ್ದಿಯೇ ಬಂತು. ನೀನೂ ಖರ್ಜೂರ ಚೆನ್ನಾಗಿತ್ತು ಎಂದು ಉತ್ತರಿಸಿದೆ. ಒಂದು ಕೇಳಿಕೊಳ್ಳುತ್ತೇನೆ. ಈ ಕಾಗದವನ್ನು ನೀನೊಬ್ಬಳೇ ಓದು. ಯಾರುಬ್ ಕೈಗೆ ಕೊಟ್ಟು ಓದಿಸಬೇಡ. ಕೂತುಕೊಂಡು ಓದು.

ತೋಟದ ಸುದ್ದಿ ಹೇಳಿಬಿಡುತ್ತೇನೆ. ನೀನು ಬಾಣಂತನಕ್ಕೆ ಬರುತ್ತೀಯೆಂದು ವಸಂತದಿಂದಲೇ ಒಂದೊಂದಾಗಿ ಎತ್ತಿಡುತ್ತಿದ್ದೇನೆ. ನಿಂಬೆ ಈ ಸಲ ಬಾಗುವಷ್ಟು ಬಿಟ್ಟಿತು. ಉಪ್ಪುನೀರಲ್ಲಿ ಕುದಿಸಿ ಮಾಳಿಗೆಯ ಮೇಲೆ ಒಣಗಿಸಿದ್ದೇನೆ, ಕಪ್ಪಗೆ ಹಗುರವಾಗಿ ಅಲ್ಲಾಡಿಸಿದರೆ ಬೀಜ ಸದ್ದು ಮಾಡುತ್ತವೆ. ದಾಳಿಂಬೆ ಸಿಪ್ಪೆಯನ್ನು ಹೊಟ್ಟೆ ಕೆಟ್ಟಾಗ ಬೇಕೆಂದು ಬೇರೆ ಕಟ್ಟಿಟ್ಟಿದ್ದೇನೆ, ಮಿಕ್ಕಿದ್ದನ್ನು ಅಪ್ಪ ತೊಗಲು ಹದ ಮಾಡಲು ಒಯ್ದರು. ಮದರಂಗಿಯ ಬೇಲಿಯನ್ನು ಎರಡು ಸಲ ಕತ್ತರಿಸಿದೆ. ಸೊಪ್ಪು ನೆರಳಲ್ಲಿ ಒಣಗಿದೆ, ಕಡ್ಡಿಯಿಂದ ಪಕ್ಕದ ಮನೆಯ ಬದ್ರಿಯಾ ಬುಟ್ಟಿ ಹೆಣೆದಿದ್ದಾಳೆ. ನೀನು ಹುಟ್ಟಿದ ವರ್ಷ ನೆಟ್ಟ ಖರ್ಜೂರದ ಮರ ಇನ್ನೂ ನೆಟ್ಟಗಿದೆ. ಅದರ ನಾರಿನಿಂದ ಅಪ್ಪ ತೊಟ್ಟಿಲಿಗೆ ಹೊಸ ಹಗ್ಗ ಹೊಸೆದಿದ್ದಾರೆ. ಆ ನಾರು ಕೈಗೆ ಸಿಕ್ಕಿದಾಗ ನಿನ್ನ ಗೊಂಬೆ ನೆನಪಾಯಿತು. ನಾರು ಸುತ್ತಿ ಮಾಡಿಕೊಂಡು ಶಮ್ಮಾ ಎಂದು ಹೆಸರಿಟ್ಟು, ಎಲಚಿ ಮರದ ಕೆಳಗೆ ಮಲಗಿಸಿ, ನನ್ನ ಮಗಳು ನಿದ್ದೆ ಮಾಡ್ತಿದಾಳೆ, ಯಾರೂ ಹಣ್ಣು ಉದುರಿಸಬೇಡಿ ಎಂದು ಕೇರಿಯ ಮಕ್ಕಳನ್ನೆಲ್ಲ ಓಡಿಸುತ್ತಿದ್ದೆ. ಎಲಚಿಗೆ ಈಗ ಹೂವಿನ ಕಾಲ. ಅಂಗಳವಿಡೀ ಜೇನ್ನೊಣದ ಸದ್ದು. ಹಮೂದ್ ಜೇನು ಕೂರುವ ತನ್ನ ಟೊಳ್ಳು ಕಾಂಡದ ಡೋಲುಗಳನ್ನು ಗೋಡೆಯ ಆಚೆ ಜೋಡಿಸಿದ್ದಾನೆ.

ಆ ಮರದ ಬಗ್ಗೆಯೇ ಬರೆಯಬೇಕು. ನಿನ್ನ ಅತ್ತೆ ಕಳಿಸಿದ ಮಾತು ನಿನಗೆ ಗೊತ್ತಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹನ್ನೊಂದು ದಿನದಿಂದ ನಾನು ಯೋಚಿಸುತ್ತಿರುವುದು ಅದನ್ನೇ, ಅವಳಿಗೆ ಗೊತ್ತೋ, ಅವಳೂ ಹಾಗೇ ಹೇಳುತ್ತಾಳೋ ಎಂದು. ಸುಲೈಯಂ ನನ್ನ ಮುಖ ನೋಡದೆ ಬಾನೆಟ್ಟಿನ ಧೂಳು ಒರೆಸುತ್ತಾ ಹೇಳಿದ. “ಹೆಣಕ್ಕೆ ಸೊಪ್ಪು ಕೊಡೋ ಮರದ ಕೆಳಗೆ ನನ್ನ ಮೊಮ್ಮಗು ಹುಟ್ಟೋದು ಬೇಡ. ಒಂದ್ಸಲ ಆಗಿದ್ದು ಸಾಕು. ಆ ಮರ ಕಡಿಸ್ಲಿ, ಆ ಕೆಲಸ ಬಿಡ್ಲಿ, ಆಮೇಲೆ ಸೊಸೇನ ಕಳಿಸೋ ಮಾತು.” ಹೇಳಿ ಮುಗಿಸಿ, “ಚಿಕ್ಕಮ್ಮಾ, ನಾನು ಗಾಡಿ ಓಡ್ಸೋನು ಅಷ್ಟೇ. ಹೇಳು ಅಂದ್ರು, ಹೇಳ್ದೆ. ನನ್ನ ಮೇಲೆ ಸಿಟ್ಟಾಗ್ಬೇಡಿ” ಎಂದ. ಸಿಟ್ಟಾಗಲಿಲ್ಲ. ಅವನಿಗೆ ಖರ್ಜೂರ ಕೊಟ್ಟು ಕಾಫಿ ಬಗ್ಗಿಸಿದೆ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಊರಿನ ಹೆಂಗಸರು ಸತ್ತರೆ ಕೊನೆಯ ಸ್ನಾನ ಮಾಡಿಸುವುದು ನಾನು, ಅದಕ್ಕೆ ಸೊಪ್ಪು ನಮ್ಮ ಮರದ್ದು. ಎಲೆ ಒಣಗಿಸಿ ಕುಟ್ಟಿ ನೀರಿಗೆ ಹಾಕಿ ಕದಡಿದರೆ ಹಸಿರು ನೊರೆ ಬರುತ್ತದೆ. ಅದೇ ನೊರೆಯಲ್ಲಿ ನಿನ್ನ ಹುಟ್ಟುಗೂದಲು ತೊಳೆದಿದ್ದೇನೆ. ಮದುವೆಯ ಹಿಂದಿನ ದಿನ ನಿನ್ನ ತಲೆಗೆ ಹಚ್ಚಿದ್ದೂ ಅದೇ. ನಿನ್ನ ಅತ್ತೆ ಅಂದು ಪಕ್ಕದಲ್ಲೇ ಕೂತು ಇಂಥ ಕೂದಲು ಮಸ್ಕತ್ತಿನಲ್ಲಿ ಯಾರಿಗೂ ಇಲ್ಲ ಎಂದಿದ್ದರು. ಎಲೆ ಯಾರ ಮೈಗೆ ಹೋಗುತ್ತದೆಂದು ಮರಕ್ಕೆ ಗೊತ್ತಿಲ್ಲ. ಆದರೆ ನನಗೆ ಗೊತ್ತು. ನನಗೆ ಹಿರಿಯರು ಕಲಿಸಿದ ಪದ್ಧತಿಯೊಂದಿದೆ. ಸತ್ತವರನ್ನು ಮೀಯಿಸಿ ಬಂದವಳು ತಾನು ಮಿಂದು, ಬಟ್ಟೆ ಬದಲಿಸಿ, ಲೋಬಾನದ ಹೊಗೆ ತೆಗೆದುಕೊಂಡು, ಒಂದು ರಾತ್ರಿ ಕಳೆಯುವ ತನಕ ಬಸುರಿಯ ಕೋಣೆಗೆ ಕಾಲಿಡಬಾರದು. ಮೂವತ್ತು ವರ್ಷ ನಾನು ಅದನ್ನು ಮುರಿದವಳಲ್ಲ. ಒಂದು ದಿನ ಮುರಿದೆ.

ಆ ದಿನದ ಮಾತನ್ನು ನಾವಿಬ್ಬರೂ ಎತ್ತಿಲ್ಲ. ನೀನು ಎಂಟನೇ ತಿಂಗಳಲ್ಲಿದ್ದೆ, ಖರ್ಜೂರ ಇಳಿಸುವ ಕಾಲ, ಬೆಳಿಗ್ಗೆಯೇ ಬಿಸಿಗಾಳಿ. ಮೇಲಿನ ಕೇರಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು. ನಾನು ಹೋಗಿ ಮೀಯಿಸಿ, ಕಫನ್ ಬಟ್ಟೆ ಸುತ್ತಿ, ಮನೆಗೆ ಬಂದು ಹಿತ್ತಲ ಬಾಗಿಲಲ್ಲಿ ಮೀಯಿಸುವ ಬಟ್ಟಲು ಇಳಿಸುತ್ತಿದ್ದೆ. ಒಳಗಿಂದ ನಿನ್ನ ಕೂಗು ಕೇಳಿಸಿತು. ಅದು ಕೂಗೂ ಅಲ್ಲ. ಓಡಿ ಬಂದೆ. ನೀನು ಕಣ್ಣು ಮೇಲೆ ಮಾಡಿ ಕೈಕಾಲು ಸೆಳೆದುಕೊಂಡು ಬಿದ್ದಿದ್ದೆ, ಬಾಯಲ್ಲಿ ನೊರೆ. ಊರಿಗೆಲ್ಲ ಅಜ್ಜಿಯಾದ ಸೂಲಗಿತ್ತಿ ಹಬ್ಬೂ ನಸ್ರಾ ನಿನ್ನ ತಲೆ ಹಿಡಿದುಕೊಂಡಿದ್ದಳು. ನಾನು ಇನ್ನೊಂದು ಕಡೆ ಹಿಡಿದೆ. ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಆ ಹಸಿರು ಇತ್ತು. ನಿನ್ನ ಹಣೆಗೆ ಅದು ಮೆತ್ತಿತು, ನೋಡಿದೆ, ಒರೆಸಲು ನನಗೆ ಕೈ ಬಿಡುವಿರಲಿಲ್ಲ. ಮಗು ಹುಟ್ಟಿದ್ದು ನಿನಗೆ ಗೊತ್ತಾಗಲಿಲ್ಲ. ಎರಡು ದಿನ ನಿನಗೆ ಎಚ್ಚರವೇ ಬರಲಿಲ್ಲ. ಮೂರನೇ ದಿನ ಕಣ್ಣು ಬಿಟ್ಟು ನೀನು ಕೇಳಿದೆ. ಹುಟ್ಟುವಾಗಲೇ ಉಸಿರಿರಲಿಲ್ಲ ಎಂದೆವು. ಉಸಿರಾಡದ ಮಗುವಿಗೆ ನಮ್ಮೂರಲ್ಲಿ ಹೆಸರಿಲ್ಲ, ಸ್ನಾನವಿಲ್ಲ, ನಮಾಜೂ ಇಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಅಪ್ಪ ಮಣ್ಣಿಗೆ ಕೊಟ್ಟರು ಎಂದೆವು. ನೀನು ಅಳಲಿಲ್ಲ. ಕಿಟಕಿಯಿಂದ ಹೊರಗೆ ನೋಡುತ್ತಾ, “ಅಮ್ಮಾ, ಆ ಕೆಳಗಿನ ಕೊಂಬೆ ಯಾಕೆ ಬೋಳಾಗಿದೆ?” ಎಂದೆ. ಮೇಕೆ ತಿಂತು ಎಂದೆ ನಾನು. ನಲವತ್ತು ದಿನ ಮುಗಿಸಿ ಮಸ್ಕತ್ತಿಗೆ ಹೋದವಳು ಮತ್ತೆ ಬರಲಿಲ್ಲ.

ಸುಲೈಯಂ ಮಾತು ತಂದ ಮರುದಿನ ನಾನೇ ಅಪ್ಪನಿಗೆ ಮರ ಕಡಿಯಿರಿ ಎಂದೆ. ಅವರು ನಾಲ್ಕು ದಿನ ಕೊಡಲಿ ಮುಟ್ಟಲಿಲ್ಲ. ಅಷ್ಟರಲ್ಲಿ ಸುದ್ದಿ ಊರಿಗೆಲ್ಲ ಹಬ್ಬಿತು. ಬದ್ರಿಯಾ ಗೋಡೆಯ ಮೇಲಿಂದ ತಲೆ ಹಾಕಿ, “ಕಡಿಸ್ತೀಯಂತೆ? ಕಡಿಸಕ್ಕಾ, ಕಡಿಸು. ನಮ್ಮ ತಲೆ ತೊಳ್ಕೊಳ್ಳೋಕೆ ನಿನ್ನ ಬೀಗಿತ್ತಿ ಮಸ್ಕತ್ತಿಂದ ಸೋಪು ಕಳಿಸ್ತಾರೋ? ನಾವು ಸತ್ರೂ ಅದೇ ಘಮಘಮ ಸೋಪೋ?” ಎಂದಳು. ಹಮೂದ್ ಬಂದು ಒಂದು ಶೀಶೆ ಜೇನು ಇಟ್ಟುಹೋದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮೇಕೆ ಸಾಕಿದವರು, ಹಣ್ಣು ಹೆಕ್ಕುವ ಮಕ್ಕಳ ತಾಯಂದಿರು, ಎಲ್ಲರೂ ಆ ವಾರ ನಮ್ಮ ಅಂಗಳಕ್ಕೆ ಏನೋ ನೆಪ ಮಾಡಿಕೊಂಡು ಬಂದು ಮರದ ಕೆಳಗೆ ನಿಂತು ಹೋದರು, ರೋಗಿಯನ್ನು ನೋಡಿಹೋಗುವ ಹಾಗೆ. ನನಗೆ ಯಾರ ಮಾತೂ ನಾಟಲಿಲ್ಲ. ಮರವೊಂದು ಹೋದರೆ ನೀನು ಬರುತ್ತೀಯ ಎನ್ನುವುದಾದರೆ ಹೋಗಲಿ ಎಂದೇ ಇದ್ದೆ.

ಗುರುವಾರ ಬೆಳಿಗ್ಗೆ ಅಪ್ಪ ಕೊಡಲಿ ತಂದರು. ಮೊದಲು ಕೈಗೆ ಎಟಕುವ ಕೊಂಬೆ ತೆಗೆಯಬೇಕಲ್ಲ. ನಿನ್ನ ಕಿಟಕಿಗೆ ನೇರ ಕಾಣುತ್ತದಲ್ಲ, ಅದೇ ಕೊಂಬೆ. ಈಗ ಅದು ಮತ್ತೆ ತುಂಬಿಕೊಂಡಿದೆ, ಎಲೆಗಿಂತ ಹೂವೇ ಹೆಚ್ಚು. ಅವರು ಕೊಡಲಿ ಎತ್ತಿದರು. “ಅದು ಬೇಡ!” ಎಂದು ನಾನು ಕೂಗಿದ್ದು ನನಗೇ ಆಮೇಲೆ ಕೇಳಿಸಿತು. ಅವರು ತಿರುಗಿ ನನ್ನನ್ನು ನೋಡಿದರು. “ನಂಗೂ ಆಗಲ್ಲ, ಝುವೈನಾ” ಎಂದರು. ಕೊಡಲಿಯನ್ನು ಬುಡಕ್ಕೆ ಒರಗಿಸಿ ಕಾಲುವೆಯ ಅಂಚಿನಲ್ಲಿ ಕುಳಿತರು. ನಾನೂ ಸ್ವಲ್ಪ ದೂರದಲ್ಲಿ ಕುಳಿತೆ. ಅಂದು ನಮ್ಮ ನೀರಿನ ಸರದಿ; ನಮ್ಮ ಅರ್ಧ ಗಂಟೆಯ ನೀರು ಬಂದು, ಮಡೆ ತಿರುಗಿಸಿ ಪಾತಿಗೆ ನೀರು ಬಿಡುವವರಿಲ್ಲದೆ, ಮದರಂಗಿಯ ಸಾಲನ್ನು ದಾಟಿ ಸುಮ್ಮನೆ ಹರಿದುಹೋಯಿತು. ನಿನ್ನ ಅಪ್ಪನನ್ನು ನೀನು ಬಲ್ಲೆ. ನೀರು ಪೋಲಾಗುವುದನ್ನು ನೋಡುತ್ತಾ ಅವರು ಕುಳಿತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಇನ್ನೊಂದು ಸಂಕಟ ಹೇಳುತ್ತೇನೆ. ಹಬ್ಬೂ ನಸ್ರಾ ಹಾಸಿಗೆ ಹಿಡಿದಿದ್ದಾಳೆ. ತೊಂಬತ್ತಾಗಿದೆ ಎನ್ನುತ್ತಾಳೆ, ಮೇಷ್ಟ್ರ ಪ್ರಕಾರ ಎಂಬತ್ತೈದು. ಊಟ ಬಿಟ್ಟು ಹತ್ತು ದಿನವಾಯಿತು, ಕಾಫಿಯಲ್ಲಿ ಅದ್ದಿದ ಖರ್ಜೂರ ಮಾತ್ರ. ನಿನ್ನನ್ನೂ ಈ ಊರಿನ ಅರ್ಧ ಜನರನ್ನೂ ಭೂಮಿಗೆ ತಂದವಳು ಅವಳು, ನನಗೆ ಮೀಯಿಸುವ ಕೆಲಸ ಕಲಿಸಿದವಳೂ ಅವಳೇ. ತನ್ನನ್ನು ನಾನೇ ಮೀಯಿಸಬೇಕು, ಬೇರೆಯವರ ಕೈ ತಾಗಬಾರದು ಎಂದು ನನ್ನಿಂದ ಎಂದೋ ಮಾತು ತೆಗೆದುಕೊಂಡಿದ್ದಾಳೆ. ಡಾಕ್ಟರಮ್ಮ ನಿನ್ನ ಹೆರಿಗೆಗೆ ಹೇಳಿದ ದಿನ ಮುಂದಿನ ತಿಂಗಳ ಮೊದಲ ವಾರ. ನಸ್ರಾಳ ದಿನ ಯಾರೂ ಹೇಳಲಾರರು. ನಾನು ಬೆಳಿಗ್ಗೆ ಎದ್ದು ಮೊದಲು ಅವಳ ಮನೆಯ ಕಡೆ ಕಿವಿ ಕೊಡುತ್ತೇನೆ, ಅಳುವ ಸದ್ದಿಲ್ಲದಿದ್ದರೆ ನಿನ್ನ ದಿನ ಎಣಿಸುತ್ತೇನೆ. ಒಬ್ಬರ ಸಾವು ತಡವಾಗಲಿ ಎಂದು ಬೇಡುವಾಗ ಅದು ಅವರ ಮೇಲಿನ ಪ್ರೀತಿಯೋ ಅಲ್ಲವೋ ಎಂದು ನನಗೇ ತಿಳಿಯುವುದಿಲ್ಲ.

ಕೊನೆಗೆ ಶನಿವಾರ ಅವಳ ಹತ್ತಿರವೇ ಹೋಗಿ ಎಲ್ಲ ಹೇಳಿದೆ. ಬೀಗಿತ್ತಿಯ ಮಾತು, ಕೊಡಲಿ, ನನ್ನ ಎಣಿಕೆ, ಎಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿ ನಕ್ಕಳು. “ಅಯ್ಯೋ ಹುಚ್ಚಿ, ಅದಕ್ಕೆ ದಿನಾ ಬಂದು ನನ್ನ ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ಯಾ? ನಾನು ಮೈ ಚೆನ್ನಾಗಿದೆಯಾ ನೋಡ್ತಾಳೆ ಅಂದ್ಕೊಂಡಿದ್ದೆ. ಮಗಳನ್ನ ಕರೆಸ್ಕೋ. ನಾನು ಸಾಯೋದನ್ನ ಒಂಚೂರು ಮುಂದಕ್ಕೆ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಆ ಬಾಯಿಬಡುಕಿ ಬದ್ರಿಯಾಗೆ ಕಲಿಸಿಬಿಡು.” ನಾನು ತಮಾಷೆ ಎಂದುಕೊಂಡೆ. ಅವಳು ಅಂದೇ ಬದ್ರಿಯಾಳನ್ನು ಕರೆಸಿ, ತಾನೇ ಚಾಪೆಯ ಮೇಲೆ ಉದ್ದಕ್ಕೆ ಮಲಗಿ, ಕಲಿಸು ಎಂದಳು. ನಾನು ತೋರಿಸಿದೆ: ಮೊದಲು ಬಲಗಡೆ, ಮೈ ಮುಚ್ಚಿದ ಬಟ್ಟೆ ಸರಿಯಬಾರದು, ತಲೆಯ ಕೆಳಗೆ ಕೈ ಇರಲೇಬೇಕು. ಬದ್ರಿಯಾ ಅಳುತ್ತಲೇ ಹೊರಳಿಸಿದಳು. “ಮೆಲ್ಲಗೆ ಕಣೇ! ಇನ್ನೂ ಸತ್ತಿಲ್ಲ ನಾನು. ಸತ್ತ ಮೇಲೂ ಹಿಂಗೆ ಎಳೀಬೇಡ, ಎಡಭುಜ ಮೊದಲೇ ನೋವು. ಬಾಯಿ ಮಾತ್ರ ಅಲ್ಲ, ಕೈಯೂ ಆಡ್ಲಿ” ಎಂದಳು ನಸ್ರಾ. ಬದ್ರಿಯಾ ಅಳು ನಿಲ್ಲಿಸಿ ನಕ್ಕಳು, ಆಮೇಲೆ ಇಬ್ಬರೂ ಸೇರಿ ನನಗೆ ಬೈದರು.

ಬದ್ರಿಯಾ ಹೋದ ಮೇಲೆ ನಸ್ರಾ ನನ್ನ ಮಣಿಕಟ್ಟು ಹಿಡಿದುಕೊಂಡಳು. “ನಿನ್ನ ಬೀಗಿತ್ತಿಗೆ ಮರದ ಮೇಲೆ ಸಿಟ್ಟು. ನಿಂಗೆ ನಿನ್ನ ಕೈ ಮೇಲೇ ಸಿಟ್ಟು. ಆ ಹುಡುಗಿಗೆ ಯಾರ ಮೇಲೆ ಸಿಟ್ಟು ಅಂತ ಒಬ್ಬರಾದ್ರೂ ಕೇಳಿದ್ರಾ?” ಅವಳು ಇನ್ನೂ ಒಂದು ಮಾತು ಹೇಳಿದಳು. ಅದನ್ನು ಈಗ ಬರೆಯಲಾರೆ. ಹಾಳೆ ಮುಗಿಯುವುದರೊಳಗೆ ಬರೆಯುತ್ತೇನೆ.

ಭಾನುವಾರ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ಅಲ್ಲಿಯ ನರ್ಸ್ ಹೆಂಗಸರ ಶಾಲೆಯಲ್ಲಿ ವಾರಕ್ಕೊಂದು ಪಾಠ ಮಾಡುತ್ತಾಳೆ, ಹಾಗಾಗಿ ಪರಿಚಯ. ನಿನ್ನ ಬಾವು, ಅಂದಿನ ಸೆಳೆತ, ಎಲ್ಲ ಹೇಳಿ, ನನ್ನ ಉಗುರಿನ ಹಸಿರನ್ನೂ ಹೇಳಿದೆ. ಅವಳು ಬರೆಯುವುದನ್ನು ನಿಲ್ಲಿಸಿ, “ಉಮ್ ಗಾಲಿಯಾ, ಬಾವು, ಸೆಳೆತ, ಎರಡೂ ಒಂದೇ ಕಾಯಿಲೆ. ರಕ್ತದ ಒತ್ತಡ ಏರಿದ್ರೆ ಬರುತ್ತೆ. ನಿಮ್ಮ ಕೈಯಿಂದ ಬಂದಿದ್ದಲ್ಲ, ಮರದಿಂದ ಬಂದಿದ್ದಲ್ಲ. ಆದ್ರೆ ಈ ಸಲ ಅವಳು ಇಲ್ಲಿಗೆ ಬರೋದು ಬೇಡ. ಆಸ್ಪತ್ರೆ ಇರೋ ಕಡೆನೇ ಇರ್ಲಿ. ದಾರೀಲಿ ಸೆಳೆತ ಬಂದ್ರೆ ಏನ್ ಮಾಡ್ತೀರಿ?” ಎಂದಳು. ಅವಳ ಮಾತನ್ನು ನಾನು ಪೂರ್ತಿ ನಂಬಿದೆನೇ? ಹಗಲು ನಂಬುತ್ತೇನೆ. ಆದರೂ ಮನೆಗೆ ಬರುವ ದಾರಿಯಲ್ಲಿ ಒಂದು ವಿಷಯ ನಿಚ್ಚಳವಾಯಿತು. ಅಷ್ಟು ದಿನವೂ ನಾನು ನೀನೇ ಬರಬೇಕೆಂದು ಹಟ ಹಿಡಿದಿದ್ದೆ. ನಾನು ಹೋಗಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಹೆಣ್ಣು ತವರಿಗೆ ಬರುವುದು ರೂಢಿ, ತವರು ಹೊರಟು ಹೆಣ್ಣಿನ ಹತ್ತಿರ ಹೋದದ್ದನ್ನು ನಮ್ಮ ಕೇರಿಯಲ್ಲಿ ಯಾರೂ ನೋಡಿಲ್ಲ.

ಹಾಗಾಗಿ ತೀರ್ಮಾನ ಮಾಡಿದ್ದೇನೆ. ನೀನು ಬರಬೇಡ. ಸುಲೈಯಂ ಶುಕ್ರವಾರ ಊರಿಗೆ ಮರಳಿ ಶನಿವಾರ ಮತ್ತೆ ಹೊರಡುತ್ತಾನೆ, ಅವನ ಗಾಡಿಯಲ್ಲಿ ನಾನು ಬರುತ್ತೇನೆ. ಮರ ಇರುತ್ತದೆ. ಮೀಯಿಸುವ ಕೆಲಸ ನಾನು ವಾಪಸು ಬರುವ ತನಕ ಬದ್ರಿಯಾಳದ್ದು, ಬಟ್ಟಲನ್ನು ಶುಕ್ರವಾರ ಅವಳ ಕೈಗೆ ಕೊಡುತ್ತೇನೆ. ಅದಕ್ಕಿಂತ ಮುಂಚೆ ನಸ್ರಾ ಹೋದರೂ ಅವಳನ್ನು ಮುಟ್ಟುವುದು ಬದ್ರಿಯಾಳೇ. ಇದಕ್ಕೆ ನಸ್ರಾಳೇ ಒಪ್ಪಿದ್ದಾಳೆ, ನನಗೆ ಒಪ್ಪಲು ಕಷ್ಟವಾಗಿದೆ. ಗಂಟು ಬಾಗಿಲ ಹತ್ತಿರ ಇದೆ. ಒಣನಿಂಬೆ, ದಾಳಿಂಬೆ ಸಿಪ್ಪೆ, ಮದರಂಗಿ, ಹಮೂದನ ಜೇನು, ಅಪ್ಪನ ಹಗ್ಗ. ಎಲಚಿ ಪುಡಿಯನ್ನು ನಾನು ಮುಟ್ಟಿಲ್ಲ ಎಂದು ನಿನ್ನ ಅತ್ತೆಗೆ ಹೇಳು. ಬದ್ರಿಯಾಳ ಮಗಳು ಹೊಸ ಒ‌ರಳಿನಲ್ಲಿ ಕುಟ್ಟಿ ಹೊಸ ಬಟ್ಟೆಯಲ್ಲಿ ಕಟ್ಟಿದ್ದಾಳೆ. ಅವರು ಬೇಡವೆಂದರೆ ಅದನ್ನು ಬಿಚ್ಚುವುದಿಲ್ಲ. ನನ್ನನ್ನೂ ಬೇಡವೆಂದರೆ ಸುಲೈಯಂನ ಅಕ್ಕನ ಮನೆ ಅದೇ ಬೀದಿಯಲ್ಲಿದೆಯಂತೆ, ಅಲ್ಲಿ ಇರುತ್ತೇನೆ, ದಿನಕ್ಕೊಮ್ಮೆ ನಿನ್ನ ಪಾದ ನೋಡಿಹೋಗಲು ಬಿಟ್ಟರೆ ಸಾಕು. ಅವರ ಮೇಲೆ ನನಗೆ ಕೋಪವಿಲ್ಲ. ಹೆದರಿದ ಅಜ್ಜಿ ಅವರು, ನನ್ನ ಹಾಗೆಯೇ.

ಅಲ್ಲಾಹ್ ನಿನ್ನ ಹಗಲನ್ನೂ ರಾತ್ರಿಯನ್ನೂ ಕಾಯಲಿ, ನಿನ್ನ ಹೊರೆಯನ್ನು ಹಗುರವಾಗಿ ಇಳಿಸಲಿ. ಯಾರುಬ್‌ಗೆ ನನ್ನ ಆಶೀರ್ವಾದ. ಅಪ್ಪ ಸಲಾಂ ಹೇಳಿದ್ದಾರೆ, ಮಡೆ ತಿರುಗಿಸುವುದನ್ನು ಇನ್ನು ಮರೆಯುವುದಿಲ್ಲ ಎಂದು ಬರೆಯಲು ಹೇಳಿದರು.

ನಿನ್ನ ಅಮ್ಮ,
ಝುವೈನಾ

ಇನ್ನೊಂದು ಮಾತು. ಸುಲೈಯಂ ಹಾರ್ನ್ ಮಾಡುತ್ತಿದ್ದಾನೆ. ನಸ್ರಾ ಹೇಳಿದ ಮಾತು ಇದು: “ನನ್ನ ಜೊತೆ ಆ ಸುಳ್ಳನ್ನ ಗೋರಿಗೆ ಕಳಿಸ್ಬೇಡ.” ಗಾಲಿಯಾ, ಆ ಕೊಂಬೆಯನ್ನು ಮೇಕೆ ತಿನ್ನಲಿಲ್ಲ. ನಾನು ತರಿದೆ. ನಿನ್ನ ಮಗು ಅತ್ತಿತು. ಒಂದೇ ಸಲ, ಸಣ್ಣಗೆ. ನಸ್ರಾ ಕೇಳಿದಳು, ನಾನು ಕೇಳಿದೆ. ಹೆಣ್ಣು. ಮಧ್ಯಾಹ್ನದಿಂದ ಅಸರ್‌ವರೆಗೆ ನನ್ನ ಮಡಿಲಲ್ಲಿ ಉಸಿರಾಡಿತು, ನೀನು ಪಕ್ಕದಲ್ಲೇ ಮಲಗಿದ್ದೆ. ನಿನ್ನ ಕೈಯನ್ನು ಎತ್ತಿ ಅವಳ ಮೇಲೆ ಇಟ್ಟಿದ್ದೆ. ಅಪ್ಪ ಕಿವಿಯಲ್ಲಿ ಬಾಂಗ್ ಹೇಳಿದರು. ಕಪಾಟಿನಲ್ಲಿದ್ದ ಒಣ ಸೊಪ್ಪಿನ ಪುಡಿ ಬೇಡವೆಂದು ಆ ಕೊಂಬೆಯ ಎಳೆಯ ಎಲೆಗಳನ್ನೇ ತರಿದು, ಕೈಯಲ್ಲೇ ಹಿಸುಕಿ, ಅವಳನ್ನು ಮೀಯಿಸಿದೆ. ಅವಳಿಗೆ ನಮಾಜು ಆಗಿದೆ. ನಿನಗೆ ಸುಳ್ಳು ಹೇಳಿದ್ದು ನಿನ್ನ ನೋವು ಕಡಿಮೆಯಾಗಲೆಂದು ಎಂದು ಅಪ್ಪನಿಗೆ ಹೇಳಿದ್ದೆ. ನಿಜ ಅದಲ್ಲ. ಹುಟ್ಟುವಾಗಲೇ ಉಸಿರಿರಲಿಲ್ಲ ಎಂದರೆ ನನ್ನ ಕೈ ಅಪವಾದದಿಂದ ತಪ್ಪಿಸಿಕೊಳ್ಳುತ್ತಿತ್ತು, ಅದಕ್ಕೆ. ಎದುರಿಗೆ ನಿಂತು ಹೇಳಿದರೆ ನೀನು ನನ್ನ ಮುಖ ನೋಡಿ ಸಿಟ್ಟು ನುಂಗಿಕೊಳ್ಳುತ್ತೀಯ. ಅದಕ್ಕೇ ಕಾಗದ ಮೊದಲು ಬರುತ್ತಿದೆ. ಬುಧವಾರ, ಗುರುವಾರ, ಶುಕ್ರವಾರ, ಮೂರು ದಿನ ನಿನ್ನ ಕೈಯಲ್ಲಿವೆ. ಬರಬೇಡ ಎನ್ನುವುದಾದರೆ ಸುಲೈಯಂಗೆ ಹೇಳಿ ಕಳಿಸು. ಹೇಳಿ ಕಳಿಸಿದರೂ ಬೀದಿಯ ತುದಿಯವರೆಗೆ ಬರುತ್ತೇನೆ. ಗೋರಿ ಎಲ್ಲಿದೆ ಎಂದು ನನಗೆ ಗೊತ್ತು, ಮೈ ಚೇತರಿಸಿದ ಮೇಲೆ ಕರೆದೊಯ್ಯುತ್ತೇನೆ. ಹೆಸರಿಡುವಾಗ ಅಪ್ಪ ನನ್ನನ್ನು ಕೇಳಿದರು, ನನಗೆ ಬೇರೆ ಯಾವುದೂ ತೋಚಲಿಲ್ಲ. ಅವಳ ಹೆಸರು ಶಮ್ಮಾ. ಶನಿವಾರ ಬೆಳಿಗ್ಗೆ ಹೊರಡುತ್ತೇನೆ.